ಗಣಕಯಂತ್ರದ ಒಳಾಡಳಿತ

೨೦೨೪ನೆಯ ಇಸವಿ ಜುಲೈ ೧೯ನೆಯ ತಾರೀಖು ಶುಕ್ರವಾರ, ನಮ್ಮ ದೇಶದ ಹೊತ್ತಿನಂತೆ ಬೆಳಿಗ್ಗೆ ೯ ಘಂಟೆ ೩೯ ನಿಮಿಷಕ್ಕೆ, ಅಮೆರಿಕದ ಕ್ರೌಡ್‌ಸ್ಟ್ರೈಕ್ ಎಂಬ ಸಂಸ್ಥೆಯು ತನ್ನ ಗಿರಾಕಿಗಳ ಗಣಕಯಂತ್ರಗಳಿಗೆ ಒಂದು ಸಣ್ಣ ಕಡತವನ್ನು ಕಳುಹಿಸಿಕೊಟ್ಟಿತು. ಗಣಕಯಂತ್ರಗಳನ್ನು ಕಳ್ಳರಿಂದ ಕಾಯುವುದೇ ಈ ಸಂಸ್ಥೆಯ ಉದ್ಯೋಗ. ಕಡತದಲ್ಲಿ ದೋಷವಿದ್ದಿತು. ೭೮ ನಿಮಿಷಗಳೊಳಗೆ ಸಂಸ್ಥೆಯು ಅದನ್ನು ಹಿಂತೆಗೆದುಕೊಂಡಿತಾದರೂ, ಅಷ್ಟರಲ್ಲಿಯೇ ಲೋಕದ ನಾನಾ ದೇಶಗಳಲ್ಲಿ ಸುಮಾರು ೮೫ ಲಕ್ಷ ಯಂತ್ರಗಳು ನೀಲಿಯ ಪರದೆಯನ್ನು ತೋರಿಸಿ ನಿಂತುಹೋಗಿದ್ದವು. ಇಂಗ್ಲೆಂಡಿನಲ್ಲಿ ವೈದ್ಯರು ರೋಗಿಗಳ ದಾಖಲೆಗಳನ್ನು ತೆರೆಯಲಾರದೆ ಹೋದರು. ಅಮೆರಿಕದಲ್ಲಿ ಸಾವಿರಾರು ವಿಮಾನಗಳ ಸಂಚಾರವು ರದ್ದಾಯಿತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರ ಕೈಗೆ ಶಾಯಿಯಲ್ಲಿ ಬರೆದ ಚೀಟಿಗಳನ್ನು ಕೊಟ್ಟು ಕಳುಹಿಸುವ ಕಾಲ ಬಂದಿತು.

ಆ ದಿನ ಯಾವ ಯಂತ್ರದ ತಂತಿಯೂ ಕಡಿದಿರಲಿಲ್ಲ, ವಿದ್ಯುತ್ತು ನಿಂತಿರಲಿಲ್ಲ, ಬಿಡಿಭಾಗಗಳೆಲ್ಲ ಹಿಂದಿನ ರಾತ್ರಿ ಹೇಗಿದ್ದವೋ ಹಾಗೆಯೇ ಇದ್ದವು. ಅದೇ ಕೋಣೆಯಲ್ಲಿ ಲಿನಕ್ಸ್ ನಡೆಯುತ್ತಿದ್ದ ಯಂತ್ರವಿದ್ದರೆ ಅದಕ್ಕೆ ಏನೂ ಆಗಲಿಲ್ಲ. ಆಪಲ್ ಯಂತ್ರಕ್ಕೂ ಏನೂ ಆಗಲಿಲ್ಲ. ಬಿದ್ದವುಗಳೆಲ್ಲ ವಿಂಡೋಸ್ ಯಂತ್ರಗಳೇ. ಹಾಗಾದರೆ ಕೆಟ್ಟುದು ಯಾವುದು? ಯಂತ್ರದೊಳಗಿನ ಆಡಳಿತ. ಈ ಆಡಳಿತಕ್ಕೇ ಆಪರೇಟಿಂಗ್ ಸಿಸ್ಟಂ ಎಂದು ಹೆಸರು; ಕನ್ನಡದಲ್ಲಿ ಕಾರ್ಯಾಚರಣ ವ್ಯವಸ್ಥೆ ಎನ್ನುವ ರೂಢಿ ಬಂದಿದೆ. ಪಹಣಿಯಿಂದ ಪಿಂಚಣಿಯವರೆಗೆ ಸಮಸ್ತ ವ್ಯವಹಾರಗಳೂ ಗಣಕಯಂತ್ರದ ಮೂಲಕವೇ ಸಾಗಬೇಕಾಗಿರುವ ಈ ದಿನಗಳಲ್ಲಿ, ಅದನ್ನು ತಜ್ಞರ ವಿಷಯವೆಂದು ಬದಿಗಿರಿಸುವುದು ಸರಿಯಲ್ಲವೆಂದು ನಾವು ಭಾವಿಸುತ್ತೇವೆ. ಖಜಾನೆಯ ಬೀಗದ ಕೈ ಯಾರಲ್ಲಿದೆಯೆಂಬುದು ಬೀಗ ಮಾಡುವವನು ಮಾತ್ರ ತಿಳಿಯಬೇಕಾದ ಸಂಗತಿಯಲ್ಲವಷ್ಟೆ.

ಈ ಹೆಸರು ಹುಟ್ಟಿದುದು ಹೇಗೆಂಬುದನ್ನು ನೋಡಿದರೆ ಅರ್ಥವು ಅರ್ಧ ತಿಳಿಯುತ್ತದೆ. ಆರಂಭದ ಗಣಕಯಂತ್ರಗಳಿಗೆ ಒಳಾಡಳಿತವೆಂಬುದೇ ಇರಲಿಲ್ಲ. ರಂಧ್ರ ಕೊರೆದ ಕಾರ್ಡುಗಳ ಕಟ್ಟನ್ನು ಹಿಡಿದು ವಿಜ್ಞಾನಿಗಳು ಸರದಿಯಲ್ಲಿ ನಿಲ್ಲುತ್ತಿದ್ದರು. ಆಪರೇಟರ್ ಎಂಬ ನೌಕರನು ಒಬ್ಬರ ಕಟ್ಟನ್ನು ಯಂತ್ರಕ್ಕೆ ಉಣಿಸಿ, ಸುರುಳಿಗಳನ್ನು ಏರಿಸಿ, ಗುಂಡಿಗಳನ್ನು ಒತ್ತಿ, ಫಲಿತಾಂಶವನ್ನು ಹರಿದುಕೊಟ್ಟು, ಮುಂದಿನವರನ್ನು ಕರೆಯುತ್ತಿದ್ದನು. ಅವನು ಸುರುಳಿ ಬದಲಾಯಿಸುವಷ್ಟು ಹೊತ್ತು, ಲಕ್ಷಾಂತರ ಡಾಲರು ಬೆಲೆಯ ಯಂತ್ರವು ಸುಮ್ಮನೆ ಕುಳಿತಿರಬೇಕಾಗಿತ್ತು. ಈ ನಷ್ಟವನ್ನು ತಾಳಲಾರದೆ ೧೯೫೬ರಲ್ಲಿ ಜನರಲ್ ಮೋಟಾರ್ಸ್ ಮತ್ತು ನಾರ್ತ್ ಅಮೆರಿಕನ್ ಏವಿಯೇಷನ್ ಸಂಸ್ಥೆಗಳವರು ತಮ್ಮ ಐಬಿಎಂ ೭೦೪ ಯಂತ್ರಗಳಿಗಾಗಿ, ಒಂದು ಕೆಲಸ ಮುಗಿದೊಡನೆ ಮತ್ತೊಂದನ್ನು ತಾನಾಗಿಯೇ ತೆಗೆದುಕೊಳ್ಳುವ ಒಂದು ತಂತ್ರಾಂಶವನ್ನು ಬರೆದರು. ಆಪರೇಟರನ ಕೈಗೆಲಸವನ್ನು ವಹಿಸಿಕೊಂಡ ವ್ಯವಸ್ಥೆಯಾದುದರಿಂದ ಅದು ಆಪರೇಟಿಂಗ್ ಸಿಸ್ಟಂ. ಅಂದರೆ ಇದು ಮೊದಲಿಗೆ ಮನುಷ್ಯನೊಬ್ಬನ ಹುದ್ದೆಯಾಗಿದ್ದಿತು. ನಮ್ಮ ದೇಶದಲ್ಲಿಯೂ ೧೯೬೩ರಲ್ಲಿ ಕಾನ್ಪುರದ ಐಐಟಿಗೆ ಬಂದಿಳಿದ ಐಬಿಎಂ ೧೬೨೦ ಯಂತ್ರದ ಮುಂದೆ ಕಾರ್ಡಿನ ಕಟ್ಟುಗಳನ್ನು ಹಿಡಿದು ಒಂದು ತಲೆಮಾರಿನ ವಿದ್ಯಾರ್ಥಿಗಳು ಕಲಿತರು.

ಕಾರ್ಡು ಉಣಿಸುವ ಜವಾನನಾಗಿ ಸೇರಿದವನು ಕ್ರಮೇಣ ಕಚೇರಿಯ ಶಿರಸ್ತೇದಾರನಾದನು. ಈ ಹೋಲಿಕೆಯನ್ನು ನಾವು ವಿನೋದಕ್ಕಾಗಿ ಹೇಳುತ್ತಿಲ್ಲ. ತಾಲ್ಲೂಕು ಕಚೇರಿಯೊಂದನ್ನು ಕಣ್ಣಮುಂದೆ ತಂದುಕೊಳ್ಳಿರಿ. ಸಾಹೇಬರು ಒಬ್ಬರೇ, ಅರ್ಜಿದಾರರು ನೂರಾರು. ಯಾರ ಕಾಗದವು ಯಾವಾಗ ಮೇಜಿನ ಮೇಲೆ ಹೋಗಬೇಕು, ಯಾವ ಗುಮಾಸ್ತನಿಗೆ ಯಾವ ಕಪಾಟಿನ ಅಧಿಕಾರ, ದಫ್ತರದಲ್ಲಿ ಯಾವ ಕಡತ ಎಲ್ಲಿದೆ, ಇವೆಲ್ಲವೂ ಶಿರಸ್ತೇದಾರನ ವಶ. ಗಣಕಯಂತ್ರದಲ್ಲಿ ಸಾಹೇಬರ ಸ್ಥಾನದಲ್ಲಿರುವುದು ಪ್ರೊಸೆಸರ್. ಅರ್ಜಿದಾರರ ಸ್ಥಾನದಲ್ಲಿ ನಾವು ತೆರೆದಿಟ್ಟ ತಂತ್ರಾಂಶಗಳು, ಪತ್ರ ಬರೆಯುವುದೊಂದು, ಲೆಕ್ಕ ಹಾಕುವುದೊಂದು, ಅಂತರ್ಜಾಲವನ್ನು ತೋರಿಸುವುದೊಂದು. ಇವೆಲ್ಲ ಏಕಕಾಲದಲ್ಲಿ ನಡೆಯುತ್ತಿರುವಂತೆ ನಮಗೆ ತೋರುವುದು ಬಹುಮಟ್ಟಿಗೆ ಭ್ರಮೆ. ಯಂತ್ರದ ಪ್ರೊಸೆಸರಿನಲ್ಲಿ ನಾಲ್ಕೋ ಎಂಟೋ ಭಾಗಗಳಿರಬಹುದು; ಕೆಲಸಗಳಾದರೋ ನೂರಾರು. ಒಂದೊಂದಕ್ಕೂ ಸೆಕೆಂಡಿನ ಅತ್ಯಲ್ಪ ಭಾಗವನ್ನು ಕೊಟ್ಟು, ಅದನ್ನೆಬ್ಬಿಸಿ ಮತ್ತೊಂದನ್ನು ಕೂರಿಸುತ್ತ ಹೋಗುವುದರಿಂದ ಎಲ್ಲವೂ ಓಡುತ್ತಿರುವಂತೆ ಕಾಣುತ್ತದೆ. ಒಂದೇ ಯಂತ್ರವನ್ನು ಹಲವರು ಹೀಗೆ ಹಂಚಿಕೊಳ್ಳಬಹುದೆಂಬುದನ್ನು ೧೯೬೧ರಲ್ಲಿ ಎಂಐಟಿಯ ಫರ್ನಾಂಡೊ ಕೊರ್ಬಾಟೊ ಮತ್ತು ಅವರ ಸಂಗಡಿಗರು ಪ್ರಯೋಗದಿಂದ ತೋರಿಸಿಕೊಟ್ಟರು.

ಕುಳಿತವನನ್ನು ಎಬ್ಬಿಸುವುದೇ ಇಲ್ಲಿಯ ಕಷ್ಟ. ೧೯೯೨ರಲ್ಲಿ ಬಂದ ವಿಂಡೋಸ್ ೩.೧ರಲ್ಲಿ ಎಬ್ಬಿಸುವ ಅಧಿಕಾರವೇ ಇರಲಿಲ್ಲ. ಪ್ರತಿಯೊಂದು ತಂತ್ರಾಂಶವೂ ತಾನಾಗಿಯೇ ಎದ್ದು ಜಾಗ ಬಿಡಬೇಕಾಗಿತ್ತು. ಎಲ್ಲರೂ ಸಭ್ಯರಾಗಿದ್ದಷ್ಟು ಕಾಲ ಕಚೇರಿ ನಡೆಯಿತು. ಒಬ್ಬ ಒರಟನು ಬಂದು ಕುರ್ಚಿ ಬಿಡದಿದ್ದರೆ ಇಡೀ ಯಂತ್ರವು ಸ್ತಬ್ಧ. ಪರದೆಯ ಮೇಲೆ ಮರಳುಗಡಿಯಾರ. ಕೊನೆಗೆ ವಿದ್ಯುತ್ತನ್ನು ಆರಿಸಿ ಹಚ್ಚುವುದೊಂದೇ ಮಾರ್ಗ. ನಮ್ಮ ವಾಚಕರಲ್ಲಿ ಐವತ್ತು ದಾಟಿದವರಿಗೆ ಈ ಅನುಭವವು ಮರೆತಿರಲಾರದು. ಆಪಲ್ ಯಂತ್ರಗಳೂ ೨೦೦೧ರವರೆಗೆ ಇದೇ ದಾರಿಯಲ್ಲಿದ್ದವು. ಈಗಿನ ವ್ಯವಸ್ಥೆಗಳಲ್ಲಿ ಹಾಗಿಲ್ಲ. ಯಂತ್ರದೊಳಗಿನ ಗಡಿಯಾರವೊಂದು ನಿಯತವಾಗಿ ಬಡಿಯುತ್ತಿರುತ್ತದೆ. ಬಡಿದೊಡನೆ ಅಧಿಕಾರವು, ಕುಳಿತ ತಂತ್ರಾಂಶವು ಒಪ್ಪಲಿ ಬಿಡಲಿ, ಶಿರಸ್ತೇದಾರನ ಕೈಗೆ ಮರಳುತ್ತದೆ.

ಎರಡನೆಯ ಕೆಲಸ ಗಡಿ ಕಾಯುವುದು. ಯಂತ್ರದ ಸ್ಮೃತಿಯೆಂಬುದು ಒಂದು ದೊಡ್ಡ ಮೈದಾನ. ಪ್ರತಿ ತಂತ್ರಾಂಶಕ್ಕೂ ಅದರಲ್ಲಿ ಬೇಲಿ ಹಾಕಿದ ಜಮೀನನ್ನು ಅಳೆದು ಕೊಡಬೇಕು. ಸಾಮಾನ್ಯವಾಗಿ ೪,೦೯೬ ಬೈಟುಗಳ ತುಂಡುಗಳಾಗಿ ಇದನ್ನು ಹಂಚುತ್ತಾರೆ. ಯಾವ ತುಂಡು ಯಾರದೆಂಬ ಖಾತೆಯನ್ನು ಆಪರೇಟಿಂಗ್ ಸಿಸ್ಟಂ ಇಟ್ಟುಕೊಂಡಿರುತ್ತದೆ. ಪತ್ರ ಬರೆಯುವ ತಂತ್ರಾಂಶವು ಬ್ಯಾಂಕಿನ ಗುಪ್ತಸಂಖ್ಯೆಯಿರುವ ಜಮೀನಿನಲ್ಲಿ ಇಣುಕಲು ಹೋದರೆ ಯಂತ್ರಾಂಶವೇ ತಡೆದು ಶಿರಸ್ತೇದಾರನಿಗೆ ದೂರು ಕೊಡುತ್ತದೆ. ಅವನು ಆ ತಂತ್ರಾಂಶವೊಂದನ್ನು ಹೊರದಬ್ಬಿ ಉಳಿದವರ ಕೆಲಸವನ್ನು ಮುಂದುವರಿಸುತ್ತಾನೆ. ಈ ಕಾವಲಿಗೋಸ್ಕರ ಪ್ರೊಸೆಸರಿನಲ್ಲಿಯೇ ಎರಡು ದರ್ಜೆಗಳನ್ನು ಏರ್ಪಡಿಸಿದ್ದಾರೆ. ಸಾಮಾನ್ಯ ತಂತ್ರಾಂಶಗಳದು ಕೆಳದರ್ಜೆ. ಅವು ಡಿಸ್ಕನ್ನಾಗಲಿ, ಜಾಲವನ್ನಾಗಲಿ, ಕೀಲಿಮಣೆಯನ್ನಾಗಲಿ ನೇರವಾಗಿ ಮುಟ್ಟುವಂತಿಲ್ಲ. ಏನು ಬೇಕಾದರೂ ಅರ್ಜಿ ಹಾಕಬೇಕು. ಮೇಲ್ದರ್ಜೆಯಲ್ಲಿ ಕುಳಿತಿರುವುದು ಕರ್ನೆಲ್, ಅಂದರೆ ವ್ಯವಸ್ಥೆಯ ತಿರುಳು. ಅದಕ್ಕೆ ಯಾವ ಬೇಲಿಯೂ ಇಲ್ಲ.

ಜುಲೈ ೧೯ರ ಅನಾಹುತದ ಮರ್ಮವು ಇಲ್ಲಿದೆ. ಕಳ್ಳನನ್ನು ಹಿಡಿಯುವ ಕಾವಲುಗಾರನು ಕಳ್ಳನಿಗಿಂತ ಮೇಲಿನ ಅಂತಸ್ತಿನಲ್ಲಿರಬೇಕೆಂಬ ನ್ಯಾಯದಿಂದ ಕ್ರೌಡ್‌ಸ್ಟ್ರೈಕಿನ ತಂತ್ರಾಂಶದ ಒಂದು ಭಾಗವು ಕರ್ನೆಲಿನೊಳಗೇ ವಾಸವಾಗಿದ್ದಿತು. ಆ ದಿನ ಬಂದ ಕಡತವು ೨೧ ಅಂಕಣಗಳನ್ನು ಓದಲು ಹೇಳಿತು. ಒದಗಿಸಿದ್ದುದು ೨೦ ಮಾತ್ರ. ಇಲ್ಲದ ಇಪ್ಪತ್ತೊಂದನೆಯದನ್ನು ಹುಡುಕುತ್ತ ತಂತ್ರಾಂಶವು ತನ್ನ ಗಡಿಯನ್ನು ದಾಟಿತು. ಕೆಳದರ್ಜೆಯವನು ಹೀಗೆ ದಾಟಿದ್ದರೆ ಅವನೊಬ್ಬನು ಬೀಳುತ್ತಿದ್ದನು. ದಾಟಿದುದು ಮೇಲ್ದರ್ಜೆಯಲ್ಲಿ; ಅಲ್ಲಿ ಹೊರದಬ್ಬಲು ಇನ್ನೊಬ್ಬ ಮೇಲಧಿಕಾರಿಯಿಲ್ಲ. ದಾಖಲೆಗಳು ಕೆಡುವುದಕ್ಕಿಂತ ಕಚೇರಿಯನ್ನೇ ಮುಚ್ಚುವುದು ಲೇಸೆಂದು ವಿಂಡೋಸ್ ತನ್ನನ್ನು ತಾನೇ ನಿಲ್ಲಿಸಿಕೊಂಡಿತು. ಆ ನೀಲಿಯ ಪರದೆಯು ಅವಿವೇಕವಲ್ಲ, ಎಚ್ಚರಿಕೆ. ಆದರೆ ಯಂತ್ರವನ್ನು ಮತ್ತೆ ಹೊರಡಿಸಿದರೆ ಕಾವಲುಗಾರನು ಎಲ್ಲರಿಗಿಂತ ಮೊದಲೇ ಎದ್ದು, ಅದೇ ಕಡತವನ್ನು ಓದಿ, ಮತ್ತೆ ಬೀಳುತ್ತಿದ್ದನು. ಆದುದರಿಂದ ಜಾಲದ ಮೂಲಕ ದೂರದಿಂದ ಸರಿಪಡಿಸುವ ಮಾರ್ಗವು ಬಹುಪಾಲು ಯಂತ್ರಗಳಿಗೆ ಉಳಿಯಲಿಲ್ಲ. ಮನುಷ್ಯರು ಯಂತ್ರದಿಂದ ಯಂತ್ರಕ್ಕೆ ನಡೆದುಹೋಗಿ ಕೈಯಿಂದಲೇ ಆ ಕಡತವನ್ನು ಅಳಿಸಬೇಕಾಯಿತು. ಮೈಕ್ರೋಸಾಫ್ಟಿನವರ ಲೆಕ್ಕದ ಪ್ರಕಾರ ನಿಂತ ಯಂತ್ರಗಳು ಸಮಸ್ತ ವಿಂಡೋಸ್ ಯಂತ್ರಗಳಲ್ಲಿ ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ನೂರರಲ್ಲಿ ಒಂದು ನಿಂತುದಕ್ಕೇ ಈ ಪಾಡಾಯಿತೆಂಬುದನ್ನು ಅಧಿಕಾರಿವರ್ಗದವರು ಗಮನಿಸಬೇಕು.

ಕಡತಗಳನ್ನು ಹೆಸರಿಟ್ಟು ಜೋಡಿಸುವುದು, ಹೊಸ ಮುದ್ರಣಯಂತ್ರವನ್ನು ತಗುಲಿಸಿದಾಗ ಅದರೊಡನೆ ಮಾತನಾಡಲು ದುಭಾಷಿಯನ್ನು ನೇಮಿಸುವುದು, ಯಾರು ಒಳಗೆ ಬಂದರು ಹೋದರೆಂಬ ದಿನಚರಿ ಬರೆಯುವುದು, ಇವೂ ಈ ವ್ಯವಸ್ಥೆಯ ಕೆಲಸಗಳೇ. ಇವನ್ನು ವಿಸ್ತರಿಸುವುದು ಅನಾವಶ್ಯಕ. ಇದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆಯೊಂದಿದೆ. ಬೇಲಿಯೇ ಇಲ್ಲದ ಅಧಿಕಾರವನ್ನು ಪಡೆದ ಈ ಶಿರಸ್ತೇದಾರನು ಯಾರ ನೌಕರ? ಅವನು ನಡೆದುಕೊಳ್ಳುವ ನಿಯಮಾವಳಿಯನ್ನು ಓದಿನೋಡುವ ಹಕ್ಕು ಯಾರಿಗುಂಟು?

ಇದಕ್ಕೆ ಎರಡು ಉತ್ತರಗಳು ಲೋಕದಲ್ಲಿ ಪ್ರಚಾರದಲ್ಲಿವೆ. ಎರಡಕ್ಕೂ ಒಂದೊಂದು ಕಥೆಯಿದೆ. ೧೯೬೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಎಂಬಿಬ್ಬರು, ತಮ್ಮ ಸಂಸ್ಥೆಯು ಕೈಬಿಟ್ಟ ಮಲ್ಟಿಕ್ಸ್ ಎಂಬ ಬೃಹದ್ಯೋಜನೆಯಿಂದ ಹೊರಬಂದು, ಮೂಲೆಗೆ ಬಿದ್ದಿದ್ದ ಪಿಡಿಪಿ-೭ ಎಂಬ ಸಣ್ಣ ಯಂತ್ರದ ಮೇಲೆ ಯೂನಿಕ್ಸ್ ಎಂಬ ವ್ಯವಸ್ಥೆಯನ್ನು ಕಟ್ಟಿದರು. ೧೯೭೩ರಲ್ಲಿ ಅದನ್ನು ಸಿ ಎಂಬ ಭಾಷೆಯಲ್ಲಿ ಮತ್ತೆ ಬರೆದುದರಿಂದ ಒಂದು ಯಂತ್ರಕ್ಕೆ ಕಟ್ಟುಬಿದ್ದಿರದೆ ಎಲ್ಲಿಗಾದರೂ ಒಯ್ಯಬಹುದಾದ ಆಡಳಿತವೊಂದು ಲೋಕಕ್ಕೆ ದೊರೆಯಿತು. ಪ್ರಯೋಗಾಲಯದ ಒಡೆತನವಿದ್ದ ಎಟಿ ಅಂಡ್ ಟಿ ದೂರವಾಣಿ ಸಂಸ್ಥೆಗೆ ೧೯೫೬ರ ಒಂದು ನ್ಯಾಯಾಲಯದ ಒಪ್ಪಂದದಂತೆ ಗಣಕವ್ಯಾಪಾರಕ್ಕೆ ಇಳಿಯುವಂತಿರಲಿಲ್ಲ. ಆದಕಾರಣ ವಿಶ್ವವಿದ್ಯಾಲಯಗಳಿಗೆ ಅಲ್ಪ ಶುಲ್ಕಕ್ಕೆ ಮೂಲಬರೆಹದ ಸಮೇತ ಯೂನಿಕ್ಸನ್ನು ಕೊಟ್ಟರು. ವಿದ್ಯಾರ್ಥಿಗಳು ಓದಿದರು, ತಿದ್ದಿದರು, ಹೆಚ್ಚಿಸಿದರು. ೧೯೮೪ರಲ್ಲಿ ಆ ಸಂಸ್ಥೆಯು ವಿಭಜನೆಗೊಂಡು ನಿರ್ಬಂಧ ಕಳಚಿದೊಡನೆಯೇ ಯೂನಿಕ್ಸ್ ಬೆಲೆಯ ಸರಕಾಯಿತು. ಕಾಯಿದೆಯ ಒತ್ತಾಯದಿಂದ ತೆರೆದಿದ್ದ ಬಾಗಿಲು ಕಾಯಿದೆ ಸಡಿಲಿದಾಗ ಮುಚ್ಚಿತು.

ಇನ್ನೊಂದು ಕಥೆ ವ್ಯಾಪಾರದ್ದು. ೧೯೮೧ರ ಆಗಸ್ಟಿನಲ್ಲಿ ಐಬಿಎಂ ಸಂಸ್ಥೆಯು ತನ್ನ ಸಣ್ಣ ಗಣಕಯಂತ್ರವನ್ನು ಮಾರುಕಟ್ಟೆಗೆ ತಂದಿತು. ಅದರ ಒಳಾಡಳಿತವನ್ನು ಒದಗಿಸುವ ಗುತ್ತಿಗೆ ಮೈಕ್ರೋಸಾಫ್ಟಿಗೆ ದೊರೆತಿದ್ದಿತು. ಮೈಕ್ರೋಸಾಫ್ಟಿನವರಲ್ಲಿ ಅಂತಹದೊಂದು ಸಿದ್ಧವಿರಲಿಲ್ಲ. ಸಿಯಾಟಲ್ಲಿನ ಒಂದು ಚಿಕ್ಕ ಸಂಸ್ಥೆಯಿಂದ ಕೊಂಡು, ತಿದ್ದಿ, ಒಪ್ಪಿಸಿದರು. ಪೂರ್ಣ ಹಕ್ಕಿಗಾಗಿ ಆ ವರ್ಷದ ಜುಲೈಯಲ್ಲಿ ಕೊಟ್ಟ ಹಣ ೫೦,೦೦೦ ಡಾಲರು. ಐಬಿಎಂನವರು ಯಂತ್ರವನ್ನು ತಮ್ಮದೆಂದುಕೊಂಡರು. ಅದರ ಶಿರಸ್ತೇದಾರನನ್ನು ಇತರರಿಗೂ ಎರವಲು ಕೊಡುವ ಹಕ್ಕನ್ನು ಮೈಕ್ರೋಸಾಫ್ಟ್ ತನ್ನಲ್ಲಿಯೇ ಉಳಿಸಿಕೊಂಡಿತು. ಯಂತ್ರದ ಮಾದರಿಯನ್ನು ನೂರು ಜನ ನಕಲು ಮಾಡಿದರು. ಆದರೆ ಎಲ್ಲರೂ ಒಳಾಡಳಿತಕ್ಕಾಗಿ ಒಬ್ಬರ ಬಳಿಗೇ ಹೋಗಬೇಕಾಯಿತು. ೨೦೦೫ರ ವೇಳೆಗೆ ಐಬಿಎಂ ತನ್ನ ಆ ವ್ಯಾಪಾರವನ್ನೇ ಚೀನದ ಲೆನೊವೊ ಸಂಸ್ಥೆಗೆ ಮಾರಿ ಕೈತೊಳೆದುಕೊಂಡಿತು. ಅಧಿಕಾರವು ಯಂತ್ರದ ಪೆಟ್ಟಿಗೆಯಲ್ಲಿರದೆ ಅದನ್ನಾಳುವ ಬರೆಹದಲ್ಲಿತ್ತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ನಾವು ಕಾಣೆವು.

ಮುಚ್ಚಿದ ಬಾಗಿಲನ್ನು ಕಂಡು ಸಿಟ್ಟಿಗೆದ್ದವರಲ್ಲಿ ರಿಚರ್ಡ್ ಸ್ಟಾಲ್ಮನ್ ಪ್ರಮುಖರು. ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ಒಂದು ಸಂಪೂರ್ಣ ವ್ಯವಸ್ಥೆಯನ್ನು ಬರೆಯುವುದಾಗಿ ೧೯೮೩ರ ಸೆಪ್ಟೆಂಬರಿನಲ್ಲಿ ಅವರು ಸಾರಿದರು. ಅದಕ್ಕೆ ಗ್ನೂ ಎಂದು ಹೆಸರು. ಬೇಕಾದ ಉಪಕರಣಗಳೆಲ್ಲ ಒಂದೊಂದಾಗಿ ಸಿದ್ಧವಾದವು. ತಿರುಳೊಂದು ಮಾತ್ರ ಸಿದ್ಧವಾಗಲಿಲ್ಲ. ೧೯೯೧ರಲ್ಲಿ ಫಿನ್ಲೆಂಡಿನ ಇಪ್ಪತ್ತೊಂದು ವಯಸ್ಸಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಹವ್ಯಾಸಕ್ಕಾಗಿ ಬರೆದ ಕರ್ನೆಲ್ ಆ ಕೊರತೆಯನ್ನು ತುಂಬಿತು. ೧೯೯೨ರಲ್ಲಿ ಅದನ್ನು ಸ್ಟಾಲ್ಮನ್ನರ ಪರವಾನಗಿಯಡಿಯಲ್ಲಿಯೇ ಹಂಚಿದರು: ಬಳಸಿರಿ, ತಿದ್ದಿರಿ, ಹಂಚಿರಿ, ಆದರೆ ಹಂಚುವಾಗ ಮೂಲಬರೆಹವನ್ನು ಬಚ್ಚಿಡಬೇಡಿರಿ. ಈ ಲಿನಕ್ಸೇ ಇಂದು ಅಂತರ್ಜಾಲದ ಯಂತ್ರಗಳಲ್ಲಿ ಬಹುಪಾಲನ್ನು ಆಳುತ್ತಿದೆ. ಲೋಕದ ಅತಿವೇಗದ ೫೦೦ ಗಣಕಯಂತ್ರಗಳ ಪಟ್ಟಿಯಲ್ಲಿ ೨೦೧೭ರ ನವೆಂಬರಿನಿಂದ ಲಿನಕ್ಸಲ್ಲದ ಒಂದೂ ಇಲ್ಲ. ವಾಚಕರ ಅಂಗಿಯ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನ ತಿರುಳೂ ಅದೇ. ಲಿನಕ್ಸನ್ನು ತಾವೆಂದೂ ಬಳಸಿಲ್ಲವೆಂದು ಹೇಳುವ ಮಹನೀಯರು ಅನೇಕರನ್ನು ನಾವು ಕಂಡಿದ್ದೇವೆ. ಹಾಗೆ ಹೇಳಿದ ಮರುಕ್ಷಣದಲ್ಲಿಯೇ ಅವರು ಜೇಬಿನಿಂದ ಅದನ್ನು ಹೊರತೆಗೆದು ಹೊತ್ತು ನೋಡಿಕೊಳ್ಳುವುದನ್ನೂ ಕಂಡಿದ್ದೇವೆ.

ಈ ಒಡೆತನದ ಪ್ರಶ್ನೆಯು ಕನ್ನಡಿಗರನ್ನು ಹೇಗೆ ತಟ್ಟಿತೆಂಬುದನ್ನು ಇಲ್ಲಿ ಹೇಳಲೇಬೇಕು. ಹಳೆಯ ಕಚೇರಿ ಯಂತ್ರಗಳಲ್ಲಿ ಬೆರಳಚ್ಚು ಮಾಡಿದ ಕನ್ನಡ ಕಡತವನ್ನು ಇನ್ನೊಂದು ಯಂತ್ರದಲ್ಲಿ ತೆರೆದಾಗ ಇಂಗ್ಲಿಷ್ ಅಕ್ಷರ, ಪ್ರಶ್ನಾರ್ಥಕ ಚಿಹ್ನೆ, ಡಾಲರು ಗುರುತುಗಳ ಕಲಸುಮೇಲೋಗರವು ಕಣ್ಣಿಗೆ ಬಿದ್ದುದನ್ನು ಅನುಭವಿಸದ ಗುಮಾಸ್ತರಿಲ್ಲ. ಕಾರಣವಿಷ್ಟೆ. ಯಂತ್ರದ ಒಳಾಡಳಿತಕ್ಕೆ ಅಂದು ಕನ್ನಡವೆಂಬುದೊಂದು ಇದೆಯೆಂದೇ ತಿಳಿದಿರಲಿಲ್ಲ. ಕಡತದಲ್ಲಿ ನಿಜವಾಗಿ ಇರುತ್ತಿದ್ದುದು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳು. ಅವುಗಳ ಮೇಲೆ ಕನ್ನಡದ ಆಕಾರಗಳುಳ್ಳ ಫಾಂಟೊಂದನ್ನು ಮುಖವಾಡದಂತೆ ತೊಡಿಸುತ್ತಿದ್ದರು. ಮುಖವಾಡವಿಲ್ಲದ ಯಂತ್ರದಲ್ಲಿ ಒಳಗಿನ ಮುಖವು ಹೊರಬೀಳುತ್ತಿತ್ತು. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಲು ಹೇಳಿದರೆ ಯಂತ್ರವು ಇಂಗ್ಲಿಷಿನ ಕ್ರಮದಲ್ಲಿ ಜೋಡಿಸಿ ಕೊಡುತ್ತಿತ್ತು. ಆ ಕಷ್ಟಕಾಲದಲ್ಲಿ ಕೆಲಸ ನಡೆಸಿಕೊಟ್ಟ ನುಡಿ, ಬರಹ ಮುಂತಾದ ತಂತ್ರಾಂಶಗಳ ಉಪಕಾರವನ್ನೂ, ಶ್ರೀ ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನೂ ನಾವು ಕೃತಜ್ಞತೆಯಿಂದಲೇ ನೆನೆಯುತ್ತೇವೆ. ಆದರೆ ಅವು ಬಾಗಿಲ ಹೊರಗೆ ಕಟ್ಟಿದ ಚಪ್ಪರಗಳು. ಒಳಮನೆಯ ಅಧಿಕಾರ ಅವುಗಳಿಗಿರಲಿಲ್ಲ.

೧೯೯೧ರ ಅಕ್ಟೋಬರಿನಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ೩೨೦೦ರಿಂದ ೩೩೨೭ರವರೆಗೆ ೧೨೮ ಸ್ಥಾನಗಳನ್ನು ಮೀಸಲಿರಿಸಿದರು. ಸಂಖ್ಯೆ ದೊರೆತರೆ ಸಾಲದು. ‘ಸ್ತ್ರೀ’ ಎಂಬ ಒಂದು ಅಕ್ಷರವನ್ನು ತೆಗೆದುಕೊಳ್ಳಿರಿ. ಕಡತದಲ್ಲಿ ಅದು ಆರು ಸಂಖ್ಯೆಗಳು: ಸಕಾರ, ಹಲಂತದ ಗುರುತು, ತಕಾರ, ಮತ್ತೆ ಹಲಂತದ ಗುರುತು, ರಕಾರ, ಈಕಾರದ ಗುರುತು. ಈ ಆರನ್ನು ಕೂಡಿಸಿ, ತಕಾರವನ್ನು ಒತ್ತಾಗಿ ಕೆಳಗಿಳಿಸಿ, ರಕಾರವನ್ನು ಅದರ ಪಕ್ಕಕ್ಕೆ ಸುತ್ತಿ, ದೀರ್ಘವನ್ನು ಮುಂದಿರಿಸಿ ಒಂದು ರೂಪವನ್ನಾಗಿ ಮಾಡುವವರು ಯಾರು? ಪ್ರತಿಯೊಂದು ತಂತ್ರಾಂಶವೂ ಇದನ್ನು ಬೇರೆಬೇರೆಯಾಗಿ ಕಲಿಯಬೇಕೆಂದರೆ ಮುಗಿಯುವ ಕೆಲಸವಲ್ಲ. ಒಳಾಡಳಿತವು ಒಮ್ಮೆ ಕಲಿತು ಎಲ್ಲರಿಗೂ ಒದಗಿಸಬೇಕು. ಸಾಮಾನ್ಯ ಜನರ ಮೇಜಿನ ಮೇಲಿನ ವಿಂಡೋಸಿನಲ್ಲಿ ಅದು ಕೈಗೂಡಿದುದು ೨೦೦೧ರ ಎಕ್ಸ್‌ಪಿ ಆವೃತ್ತಿಯಲ್ಲಿ, ತುಂಗಾ ಎಂಬ ನಮ್ಮ ನದಿಯ ಹೆಸರಿನ ಫಾಂಟಿನೊಡನೆ. ಸಂಖ್ಯೆ ಸಿಕ್ಕಿ ಹತ್ತು ವರ್ಷಗಳಾಗಿದ್ದವು. ಮೊದಮೊದಲ ಆಂಡ್ರಾಯ್ಡ್ ಫೋನುಗಳಲ್ಲಿಯೂ ಕನ್ನಡದ ಸಂದೇಶಗಳು ಬರಿಯ ಚೌಕಗಳಾಗಿ ಕಾಣಿಸಿಕೊಂಡುದನ್ನು ಜನರು ಮರೆತಿಲ್ಲ. ಮುಚ್ಚಿದ ವ್ಯವಸ್ಥೆಯಲ್ಲಿ ಒಂದು ಭಾಷೆಗೆ ಸ್ಥಾನ ಸಿಗುವುದು ಮಾಲೀಕನ ಮಾರುಕಟ್ಟೆಗೆ ಅದು ಬೇಕಾದಾಗ. ತೆರೆದ ವ್ಯವಸ್ಥೆಯಲ್ಲಿ ಆ ಭಾಷೆಯವರಿಗೆ ಬೇಕೆನಿಸಿದಾಗಲೇ ಕೆಲಸ ಹಿಡಿಯಬಹುದು. ಲಿನಕ್ಸಿನ ಮೇಲೆ ನಡೆಯುವ ಗ್ನೋಮ್, ಕೆಡಿಇ ಪರದೆಗಳ ಮಾತುಗಳನ್ನು ಕನ್ನಡಕ್ಕೆ ತಂದವರಲ್ಲಿ ಯಾರಪ್ಪಣೆಗೂ ಕಾಯದ ಸ್ವಯಂಸೇವಕರಿದ್ದರು. ಹಾಗೆ ಹಿಡಿದ ಕೆಲಸವು ಅರ್ಧಕ್ಕೆ ನಿಂತುದೂ ಉಂಟು. ಅದಕ್ಕೆ ಪರದೇಶದ ಮಾಲೀಕನನ್ನು ದೂರುವಂತಿಲ್ಲ.

ಈ ವಿಚಾರವು ಈಗ ತುರ್ತಾಗಿರುವುದಕ್ಕೆ ಕಾರಣವಿದೆ. ೨೦೨೫ರ ಅಕ್ಟೋಬರ್ ೧೪ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ ೧೦ಕ್ಕೆ ಕೊಡುತ್ತಿದ್ದ ಸಾಮಾನ್ಯ ರಕ್ಷಣೆಯನ್ನು ನಿಲ್ಲಿಸಿತು. ಆ ಯಂತ್ರಗಳು ಮರುದಿನವೂ ಎಂದಿನಂತೆ ಹೊರಟವು. ಆದರೆ ಬೇಲಿಯಲ್ಲಿ ಹೊಸದಾಗಿ ಕಂಡ ಕಿಂಡಿಗಳನ್ನು ಅವುಗಳಿಗಾಗಿ ಮುಚ್ಚುವವರಿಲ್ಲ. ಕಿಂಡಿ ಮುಚ್ಚದಿದ್ದರೆ ಏನಾಗುವುದೆಂಬುದನ್ನು ೨೦೧೭ರಲ್ಲಿ ಲೋಕವು ನೋಡಿತು. ಆ ವರ್ಷ ಮಾರ್ಚ್ ೧೪ರಂದು ವಿಂಡೋಸಿನ ಒಂದು ದೋಷಕ್ಕೆ ತೇಪೆಯನ್ನು ಪ್ರಕಟಿಸಿದ್ದರು. ಹಚ್ಚಿಕೊಳ್ಳದವರ ಯಂತ್ರಗಳಿಗೆ ಮೇ ೧೨ರಂದು ವಾನಕ್ರೈ ಎಂಬ ಪಿಡುಗು ನುಗ್ಗಿ, ಕಡತಗಳಿಗೆ ಬೀಗ ಜಡಿದು, ಬಿಡುಗಡೆಗೆ ಹಣ ಕೇಳಿತು. ಬ್ರಿಟನ್ನಿನ ಸರಕಾರಿ ಆಸ್ಪತ್ರೆಗಳು ಶಸ್ತ್ರಚಿಕಿತ್ಸೆಗಳನ್ನು ಮುಂದೂಡಿದವು.

ವಿಂಡೋಸ್ ೧೧ಕ್ಕೆ ಏರಬಹುದಲ್ಲ ಎನ್ನುವವರಿದ್ದಾರೆ. ಅದಕ್ಕೆ ಟಿಪಿಎಂ ೨.೦ ಎಂಬ ರಕ್ಷಣಾಭಾಗವು ಬೇಕು. ಇಂಟೆಲ್ ಪ್ರೊಸೆಸರುಗಳಲ್ಲಿ ಸುಮಾರಾಗಿ ಎಂಟನೆಯ ಪೀಳಿಗೆಯಾದರೂ ಆಗಿರಬೇಕು. ಅಂದರೆ ೨೦೧೭ಕ್ಕಿಂತ ಹಿಂದಿನ ಯಂತ್ರಗಳು, ಎಷ್ಟೇ ಗಟ್ಟಿಯಾಗಿದ್ದರೂ, ಬಹುತೇಕ ಹೊರಗುಳಿಯುತ್ತವೆ. ಹಣ ಕೊಟ್ಟು ರಕ್ಷಣೆಯನ್ನು ಮುಂದುವರಿಸಿಕೊಳ್ಳುವ ದಾರಿಯೂ ಉಂಟು. ಸಂಸ್ಥೆಗಳಿಗೆ ಗೊತ್ತುಮಾಡಿದ ದರ ಯಂತ್ರವೊಂದಕ್ಕೆ ಮೊದಲ ವರ್ಷ ೬೧ ಡಾಲರು, ಮುಂದೆ ವರ್ಷವರ್ಷಕ್ಕೆ ಇಮ್ಮಡಿ. ಮೂರು ವರ್ಷಗಳಿಗೆ ೪೨೭ ಡಾಲರು. ಹಳೆಯ ಯಂತ್ರದ ಈಗಿನ ಬೆಲೆಯೇ ಅಷ್ಟಿರಲಾರದು.

ಮೂರನೆಯ ದಾರಿಯು ಅದೇ ಯಂತ್ರಕ್ಕೆ ಬೇರೆಯ ಒಳಾಡಳಿತವನ್ನು ತರುವುದು. ನೆರೆಯ ಕೇರಳದ ಸರಕಾರಿ ಶಾಲೆಗಳಲ್ಲಿ ಬಹುಕಾಲದಿಂದ ಲಿನಕ್ಸೇ ನಡೆಯುತ್ತಿದೆ; ಮಕ್ಕಳು ಅದರಲ್ಲಿಯೇ ಕಲಿತು ಪರೀಕ್ಷೆ ಕೊಡುತ್ತಾರೆ. ಭಾರತ ಸರಕಾರದ ಸಿ-ಡ್ಯಾಕ್ ಸಂಸ್ಥೆಯು ೨೦೦೭ರಲ್ಲಿಯೇ ಬಾಸ್ ಎಂಬ ಹೆಸರಿನ ಲಿನಕ್ಸನ್ನು ಭಾರತೀಯ ಭಾಷೆಗಳ ಸೌಕರ್ಯದೊಡನೆ ಹೊರತಂದಿತು. ೨೦೨೩ರಲ್ಲಿ ರಕ್ಷಣಾ ಮಂತ್ರಾಲಯವು ಉಬುಂಟು ಆಧಾರದ ಮಾಯಾ ಎಂಬ ವ್ಯವಸ್ಥೆಯನ್ನು ತನ್ನ ಕಚೇರಿಗಳಿಗೆ ಅಳವಡಿಸಲು ತೊಡಗಿತು. ಇವೆಲ್ಲ ಸಂತೋಷದ ಸಂಗತಿಗಳೇ. ಆದರೆ ಲಿನಕ್ಸನ್ನು ಹಾಕಿದೊಡನೆ ಕಷ್ಟಗಳೆಲ್ಲ ಪರಿಹಾರವಾಗುವುವೆಂದು ಹೇಳುವವರ ಮಾತನ್ನು ನಾವು ಒಪ್ಪಲಾರೆವು. ಜರ್ಮನಿಯ ಮ್ಯೂನಿಕ್ ನಗರಸಭೆಯು ೨೦೦೩ರಲ್ಲಿ ವಿಂಡೋಸನ್ನು ಬಿಡಲು ನಿರ್ಧರಿಸಿ, ಹತ್ತು ವರ್ಷ ಶ್ರಮಿಸಿ, ಸುಮಾರು ೧೫,೦೦೦ ಯಂತ್ರಗಳನ್ನು ಲಿನಕ್ಸಿಗೆ ಬದಲಾಯಿಸಿತು. ೨೦೧೭ರಲ್ಲಿ ಹಿಂದಿರುಗಿ ವಿಂಡೋಸನ್ನೇ ತರಲು ತೀರ್ಮಾನಿಸಿತು. ಹೊರಗಿನ ಕಚೇರಿಗಳೊಡನೆ ಕಡತಗಳ ಹೊಂದಿಕೆಯಾಗದೆಂಬ ದೂರು, ನೌಕರರ ಅಸಮಾಧಾನ, ನಗರಸಭೆಯ ರಾಜಕೀಯ, ಎಲ್ಲವೂ ಅದರಲ್ಲಿ ಸೇರಿದ್ದವು. ಮೂಲಬರೆಹವು ತೆರೆದಿದ್ದ ಮಾತ್ರಕ್ಕೆ ಅದನ್ನು ಓದಬಲ್ಲ ನೌಕರನು ತಾನಾಗಿ ಹುಟ್ಟುವುದಿಲ್ಲ. ಪರವಾನಗಿಯ ಹಣವನ್ನು ಉಳಿಸಿದವರು ಅದರಲ್ಲಿ ಒಂದು ಪಾಲನ್ನು ತರಬೇತಿಗೆ ಸುರಿಯದಿದ್ದರೆ ವರ್ಷದೊಳಗೆ ಹಳೆಯ ಪದ್ಧತಿಗೇ ಮರಳುವರು.

ಆದುದರಿಂದ ಮುಂದಿನ ಖರೀದಿಯ ಟೆಂಡರುಗಳನ್ನು ಸಿದ್ಧಪಡಿಸುತ್ತಿರುವ ಅಧಿಕಾರಿಗಳಲ್ಲಿ ನಮ್ಮ ಬಿನ್ನಹವು ಇಷ್ಟೇ. ಯಂತ್ರದ ಪೆಟ್ಟಿಗೆ ಹೇಗಿರಬೇಕು, ಪರದೆ ಎಷ್ಟು ಅಂಗುಲವಿರಬೇಕೆಂಬುದನ್ನು ಪುಟಗಟ್ಟಲೆ ಬರೆಯುವ ಪತ್ರಗಳಲ್ಲಿ ಒಳಾಡಳಿತಕ್ಕೆ ಒಂದು ಸಾಲಿರುತ್ತದೆ. ಅದನ್ನು ನಾಲ್ಕು ಸಾಲು ಮಾಡಲಿ. ಯಾವ ವರ್ಷದವರೆಗೆ ತೇಪೆ ಒದಗಿಸುವಿರೆಂದು ಮಾರುವವನಿಂದ ಬರೆಸಿಕೊಳ್ಳಲಿ. ಕರ್ನೆಲಿನೊಳಗೆ ಹೊರಗಿನ ಯಾವ ಸಂಸ್ಥೆಯ ತಂತ್ರಾಂಶಗಳಿಗೆ ಪ್ರವೇಶವಿದೆ, ಅವುಗಳ ಹೊಸ ಕಡತಗಳು ಬಂದಾಗ ಎಲ್ಲ ಯಂತ್ರಗಳಿಗೂ ಒಮ್ಮೆಗೇ ಹೋಗುವುವೋ, ಅಥವಾ ಮೊದಲು ಹತ್ತಕ್ಕೆ ಹೋಗಿ ಪರೀಕ್ಷೆಯಾದ ಮೇಲೆ ಉಳಿದವುಗಳಿಗೆ ಹೋಗುವುವೋ ಎಂಬುದನ್ನು ಕೇಳಲಿ. ಕನ್ನಡದ ಕಡತಗಳೆಲ್ಲ ಯೂನಿಕೋಡಿನಲ್ಲಿಯೇ ಇರುವಂತೆ ವಿಧಿಸಲಿ. ನುಡಿಯ ಹಳೆಯ ಫಾಂಟುಗಳಲ್ಲಿ ಉಳಿದಿರುವ ದಫ್ತರವನ್ನು, ಪರಿವರ್ತಿಸಬಲ್ಲವರು ಇರುವಾಗಲೇ ಪರಿವರ್ತಿಸಿಕೊಳ್ಳಲಿ. ಮತ್ತು ವಿಂಡೋಸ್ ೧೦ ಇನ್ನೂ ನಡೆಯುತ್ತಿರುವ ಯಂತ್ರಗಳು ತಮ್ಮ ಕಚೇರಿಯಲ್ಲಿ ಎಷ್ಟಿವೆ, ಅವುಗಳಲ್ಲಿ ಎಷ್ಟು ಅಂತರ್ಜಾಲಕ್ಕೆ ತಗುಲಿಕೊಂಡಿವೆ ಎಂಬ ಪಟ್ಟಿಯನ್ನು ಈ ತಿಂಗಳೊಳಗೆ ತರಿಸಿಕೊಂಡು ನೋಡಲಿ.